ಬೆಂಗಳೂರು ನೋಡಲು ಎರಡು ಸಾವಿರದ ಆರುನೂರು ರೂಪಾಯಿ

ಕಡಗಂಚಿಯ ಸುತ್ತಲಿನ ಒಂದು ಶಾಲೆಯಲ್ಲಿ ಮೊನ್ನೆ ಪ್ರವಾಸದ ಸೂಚನಾಪತ್ರ ಹೊರಟಿದೆ. ಮೂರು ದಿನ, ಬೆಂಗಳೂರು ಮತ್ತು ಮೈಸೂರು. ವಿಧಾನಸೌಧ, ಅಠಾರಾ ಕಚೇರಿ, ಕಬ್ಬನ್ ಪಾರ್ಕು, ಲಾಲಬಾಗು, ಅರಮನೆ. ಅದರ ಕೆಳಗೆ ಈ ವರ್ಷ ಹೊಸದಾಗಿ ಸೇರಿಸಿದ ಒಂದು ಸಾಲು: ನಗರದ ಬೀದಿಗಳಲ್ಲಿ ಚಿತ್ರ ಬರೆದ ಗೋಡೆಗಳು. ತಲೆಗೆ ೨,೬೦೦ ರೂಪಾಯಿ. ಕಟ್ಟದವರು ಆ ಮೂರು ದಿನ ಶಾಲೆಗೆ ಬಂದು ಕುಳಿತುಕೊಳ್ಳತಕ್ಕದ್ದು.

ಈ ಕಾಗದವನ್ನು ನನಗೆ ತಂದು ತೋರಿಸಿದವನು ಎಂಟನೆಯ ಇಯತ್ತೆಯ ಒಬ್ಬ ಹುಡುಗ. ಅವನ ತಾಯಿ ತೊಗರಿ ಕೊಯ್ಯಲು ಹೋಗುತ್ತಾಳೆ. ದಿನಕ್ಕೆ ಮುನ್ನೂರು ಸಿಕ್ಕರೆ ಆ ದಿನ ಹಬ್ಬ. ಒಂಬತ್ತು ದಿನದ ಕೂಲಿ ಪೂರ್ತಿ ಎತ್ತಿಟ್ಟರೆ ಮಗ ಬೆಂಗಳೂರು ನೋಡಬಹುದು. ಎತ್ತಿಡುವುದು ಎಲ್ಲಿಂದ? "ನೀ ಹೋಗಂಗಿಲ್ಲೇನೊ?" ಎಂದು ಕೇಳಿದೆ. ಹುಡುಗ ಅಳಲಿಲ್ಲ, ಸಿಟ್ಟಾಗಲಿಲ್ಲ. "ಇಲ್ರಿ ಮಾಸ್ತರ. ನಮ್ಮಪ್ಪ ಅಲ್ಲೇ ಅದಾನ್ರಿ, ಬಿಲ್ಡಿಂಗ್ ಕಟ್ಟಾಕ ಹೋಗ್ಯಾನ. ನಾಕ್ ವರ್ಷ ಆತು. ಅವನೂ ವಿಧಾನಸೌಧ ನೋಡಿಲ್ಲಂತ್ರಿ" ಎಂದ.

ವಾಚಕರೇ, ಈ ಲೇಖನವನ್ನು ಬರೆಯಲು ನನಗೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ನಾನೂ ಆರು ವರ್ಷ ಮಾಸ್ತರಿಕೆ ಮಾಡಿದವನು. ಇಂಥದೇ ಸೂಚನಾಪತ್ರಗಳನ್ನು ನನ್ನ ಕೈಯಿಂದಲೇ ಬರೆದಿದ್ದೇನೆ, ದುಡ್ಡು ಎಣಿಸಿ ಪಟ್ಟಿ ಮಾಡಿದ್ದೇನೆ. ಒಂದು ವರ್ಷ ನಲವತ್ತೊಂದು ಮಕ್ಕಳಲ್ಲಿ ಹದಿನೆಂಟು ಮಕ್ಕಳನ್ನು ಕರೆದುಕೊಂಡು ಹೊರಟೆ. ಬಸ್ಸು ಬಿಡುವಾಗ ಉಳಿದ ಇಪ್ಪತ್ತಮೂವರು ಶಾಲೆಯ ಕಟ್ಟೆಯ ಮೇಲೆ ನಿಂತು ಕೈ ಬೀಸಿದರು. ನಾನೂ ಕಿಟಕಿಯಿಂದ ಕೈ ಬೀಸಿದೆ. ಅಂದು ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆದ್ದರಿಂದ ಈಗಿನ ಮಾಸ್ತರುಗಳನ್ನು ಬೈದು ಕೈ ತೊಳೆದುಕೊಳ್ಳುವ ಇಚ್ಛೆ ನನಗಿಲ್ಲ. ದುಡ್ಡು ಕೊಡದ ಸರಕಾರ, ಪ್ರವಾಸ ಮಾಡಿಸಿರೆಂದು ಒತ್ತಾಯಿಸುವ ಅಧಿಕಾರಿ, ನಡುವೆ ಸಿಕ್ಕ ಮಾಸ್ತರು: ಈ ಕಥೆ ನನಗೆ ಗೊತ್ತು.

ನಮ್ಮ ಪಕ್ಷದ ಗೆಳೆಯರೊಬ್ಬರು ಇದನ್ನು ಕೇಳಿ ನಕ್ಕರು. ಊರೂರು ತಿರುಗಿ ಕಲ್ಲು ನೋಡುವುದು ಹೊಟ್ಟೆ ತುಂಬಿದವರ ಚಟ, ಬಡವರ ಮಕ್ಕಳಿಗೆ ಬೇಕಾದದ್ದು ರೊಟ್ಟಿ ಎಂದರು. ಈ ಮಾತನ್ನು ನಾನು ಖಡಾಖಂಡಿತವಾಗಿ ಒಪ್ಪುವುದಿಲ್ಲ. ಬಡವನಿಗೆ ರೊಟ್ಟಿ ಸಾಕು, ಕಣ್ಣು ಬೇಡ ಎನ್ನುವುದು ಜಮೀನುದಾರರ ವಾದ, ಸಮಾಜವಾದಿಯ ಬಾಯಲ್ಲಿ ಅದು ಬರಕೂಡದು. ನಮ್ಮ ಹುಡುಗ ವಿಧಾನಸೌಧವನ್ನು ನೋಡಲೇಬೇಕು. ಗೋಡೆಯ ಚಿತ್ರಗಳನ್ನೂ ನೋಡಬೇಕು. ನನ್ನ ತಕರಾರು ಎರಡೇ. ಅವನದೇ ಸ್ವತ್ತನ್ನು ನೋಡಲು ಅವನು ದುಡ್ಡು ಏಕೆ ಕೊಡಬೇಕು? ಕರೆದುಕೊಂಡು ಹೋದವರು ಅವನಿಗೆ ಅಲ್ಲಿ ಅರ್ಧ ಸತ್ಯವನ್ನೇ ಏಕೆ ಹೇಳಬೇಕು?

ಕಳೆದ ವರ್ಷ ತೊಗರಿಯ ಬೆಲೆಯ ಸಲುವಾಗಿ ನಾವು ಕಡಗಂಚಿ, ಆಳಂದ ಕಡೆಯವರು ಇಪ್ಪತ್ತಾರು ಮಂದಿ ಬೆಂಗಳೂರಿಗೆ ಹೋಗಿದ್ದೆವು. ಕೇಂದ್ರ ಸರಕಾರ ೨೦೨೪-೨೫ಕ್ಕೆ ಕ್ವಿಂಟಾಲಿಗೆ ೭,೫೫೦ ರೂಪಾಯಿ ಬೆಂಬಲ ಬೆಲೆ ಸಾರಿತ್ತು. ಸಾರಿದ ಬೆಲೆ ಬೇರೆ, ಕೈಗೆ ಬರುವ ಬೆಲೆ ಬೇರೆ ಎಂಬುದನ್ನು ತೊಗರಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಧರಣಿ ಮುಗಿದ ಮೇಲೆ ರಾತ್ರಿಯ ರೈಲಿಗೆ ಇನ್ನೂ ಹೊತ್ತಿತ್ತು. ಹೆಣ್ಣುಮಕ್ಕಳು, "ಮಾಸ್ತರ, ಇಷ್ಟು ದೂರ ಬಂದೀವಿ, ಊರರ ತೋರ್ಸ್ರಿ" ಎಂದರು. ಹಾಗೆ ನಾವೂ ಪ್ರೇಕ್ಷಣೀಯ ಸ್ಥಳ ನೋಡಿದವರಾದೆವು.

ವಿಧಾನಸೌಧದ ಮುಂದೆ ನಿಂತಾಗ ನಮ್ಮ ಮಂದಿ ಮಾತು ಮರೆತರು. ಸುಳ್ಳೇಕೆ ಹೇಳಲಿ, ನಾನೂ ಮರೆತೆ. ಆ ಕಟ್ಟಡ ಚೆಲುವಾಗಿದೆ. ೧೯೫೧ರ ಜುಲೈ ೧೩ರಂದು ಜವಾಹರಲಾಲ ನೆಹರೂ ಅಡಿಗಲ್ಲು ಇಟ್ಟರು, ಕೆಂಗಲ್ ಹನುಮಂತಯ್ಯನವರು ಮೊದಲಿನ ನಕ್ಷೆಯನ್ನು ಬದಿಗಿಟ್ಟು ದೊಡ್ಡದಾಗಿ ಕಟ್ಟಿಸಿದರು, ೧೯೫೬ಕ್ಕೆ ಮುಗಿಯಿತು. ಎರಡು ಕೋಟಿಗೂ ಕಡಿಮೆ ಖರ್ಚೆಂದು ಇಂದು ಆಶ್ಚರ್ಯಪಡುತ್ತಾರೆ, ಅಂದಿನವರು ಅದನ್ನೇ ದುಂದು ಎಂದು ತಕರಾರು ತೆಗೆದು ವಿಚಾರಣೆಯನ್ನೂ ನಡೆಸಿದರು. ಮಲ್ಲಸಂದ್ರ, ಹೆಸರಘಟ್ಟಗಳ ಕಡೆಯ ಕಲ್ಲು. ಐದು ಸಾವಿರ ಕೂಲಿಗಳೂ ಒಂದೂವರೆ ಸಾವಿರ ಕಲ್ಲುಕುಟಿಗರು, ಬಡಗಿಗಳೂ ದುಡಿದರೆಂದು ಲೆಕ್ಕ ಹೇಳುತ್ತಾರೆ. ಆ ಕೂಲಿಗಳಲ್ಲಿ ಜೈಲಿನಿಂದ ತಂದ ಕೈದಿಗಳೂ ಇದ್ದರು. ಹೊರಗೆ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆ. ಕೆತ್ತಿದ ಕೈಗಳ ಹೆಸರು ಮಾತ್ರ ಎಲ್ಲಿಯೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಇನ್ನೊಂದು ಮಾತು. ಆ ಅಡಿಗಲ್ಲು ಇಟ್ಟ ೧೯೫೧ನೆಯ ಇಸವಿಯಲ್ಲೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದ್ದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ದಸ್ತಗಿರಿಯಾದರು. ಒಂದೇ ವರ್ಷ, ಒಂದೇ ಮೈಸೂರು ರಾಜ್ಯ. ಒಂದು ಕಡೆ ಪ್ರಜೆಗಳ ಹೆಸರಿನಲ್ಲಿ ಕಲ್ಲು ಏರುತ್ತಿತ್ತು, ಇನ್ನೊಂದು ಕಡೆ ಉಳುವ ಪ್ರಜೆ ಜೈಲಿಗೆ ಹೋಗುತ್ತಿದ್ದ. ಪ್ರವಾಸಕ್ಕೆ ಕರೆದೊಯ್ಯುವ ಮಾಸ್ತರು ಮೊದಲನೆಯದನ್ನು ಹೇಳುತ್ತಾನೆ. ಎರಡನೆಯದು ಅವನ ಪುಸ್ತಕದಲ್ಲಿ ಇರುವುದಿಲ್ಲ.

ಆಗ ನಾವೆಲ್ಲಿದ್ದೆವು? ನಾವು ಹೈದರಾಬಾದಿನವರು. ೧೯೪೮ರ ಸೆಪ್ಟೆಂಬರ ೧೭ಕ್ಕೆ ನಿಜಾಮನಿಂದ ಬಿಡುಗಡೆಯಾಗಿ, ೧೯೫೬ರ ನವೆಂಬರ ೧ಕ್ಕೆ ಈ ರಾಜ್ಯಕ್ಕೆ ಸೇರಿದೆವು. ಕಟ್ಟಿ ಮುಗಿದ ಮನೆಗೆ ಬಂದ ಸೊಸೆಯಂತೆ ಬಂದೆವು. ಅಡಿಗೆಮನೆಯ ಕೆಲಸ ನಮ್ಮದು, ಪೆಟ್ಟಿಗೆಯ ಕೀಲಿಕೈ ಅತ್ತೆಯದು. ೨೦೦೨ರಲ್ಲಿ ನಂಜುಂಡಪ್ಪ ಸಮಿತಿ ಲೆಕ್ಕ ಹಾಕಿದಾಗ ರಾಜ್ಯದಲ್ಲಿ ೧೧೪ ತಾಲ್ಲೂಕುಗಳು ಹಿಂದುಳಿದವು ಎಂದು ಕಂಡವು. ತೀರ ಹಿಂದುಳಿದ ೩೯ರಲ್ಲಿ ೨೧ ಗುಲಬರ್ಗಾ ವಿಭಾಗದವೇ. ೩೭೧(ಜೆ) ಬರಲು ೨೦೧೩ರವರೆಗೆ ಕಾಯಬೇಕಾಯಿತು. ಹೆಸರು ಬದಲಿಸುವುದರಲ್ಲಿ ಮಾತ್ರ ಆಳರಸರು ಸೋಮಾರಿಗಳಲ್ಲ: ೨೦೧೪ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು, ೨೦೧೯ರಲ್ಲಿ ಹೈದರಾಬಾದ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಕಲ್ಯಾಣವೆಂಬ ಶಬ್ದ ಬೋರ್ಡಿನ ಮೇಲೆ ಬಂತು.

ಈಗ ಇನ್ನೊಂದು ಸೊಗಸು. ೨೦೨೫ರ ಜೂನ್ ತಿಂಗಳಿನಿಂದ ವಿಧಾನಸೌಧದ ಒಳಗೆ ಹೋಗಿ ನೋಡಲು ಪ್ರವಾಸೋದ್ಯಮದವರು ಟಿಕೀಟು ಇಟ್ಟಿದ್ದಾರೆ, ದೊಡ್ಡವರಿಗೆ ಐವತ್ತು ರೂಪಾಯಿ. ಐವತ್ತು ದೊಡ್ಡದಲ್ಲ ಎನ್ನುವಿರಾ? ಮೊತ್ತದ ಮಾತಲ್ಲ ಇದು. ಗುತ್ತೇದಾರನಿಗೆ, ಗಣಿಯ ಧಣಿಗೆ, ವರ್ಗಾವಣೆಯ ದಲಾಲಿಗೆ ಆ ಬಾಗಿಲಲ್ಲಿ ಯಾರೂ ಟಿಕೀಟು ಹರಿಯುವುದಿಲ್ಲ. ವೋಟು ಹಾಕಿದವನು ತನ್ನ ಮನೆಯನ್ನು ನೋಡಬೇಕಾದರೆ ಪ್ರೇಕ್ಷಕನಾಗಿ ಬರಬೇಕು, ಸಾಲಿನಲ್ಲಿ ನಿಲ್ಲಬೇಕು, ಹೊತ್ತು ಮುಗಿದೊಡನೆ ಹೊರಗೆ ಬರಬೇಕು. ಅದೇ ಮನುಷ್ಯ ಅಹವಾಲು ಹಿಡಿದುಕೊಂಡು ಬಂದರೆ? ೨೦೨೧ರ ಪೊಲೀಸ್ ಆಜ್ಞೆಯ ಮೇರೆಗೆ ಬೆಂಗಳೂರು ನಗರದಲ್ಲಿ ಧರಣಿ, ಮೆರವಣಿಗೆಗಳಿಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಸೌಧದ ಮುಂದೆ ಫೋಟೋ ತೆಗೆಸಿಕೊಳ್ಳಬಹುದು, ಘೋಷಣೆ ಕೂಗಬಾರದು. ನೋಡುವ ಕಣ್ಣಿಗೆ ಸ್ವಾಗತ, ಕೇಳುವ ಬಾಯಿಗೆ ಬಂದೋಬಸ್ತು.

ಎದುರಿಗೆ ಕೆಂಪು ಬಣ್ಣದ ಅಠಾರಾ ಕಚೇರಿ, ೧೮೬೮ರದು. ಹದಿನೆಂಟು ಖಾತೆಗಳು ಕೂಡುತ್ತಿದ್ದ ಜಾಗ. ಅಠಾರಾ ಎಂಬ ಮಾತು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಈಗ ಹೈಕೋರ್ಟು. ನಮ್ಮ ಜೊತೆ ಬಂದಿದ್ದ ಒಬ್ಬ ಹಿರಿಯರು ಅದನ್ನು ನೋಡಿದೊಡನೆ ಗುರುತು ಹಿಡಿದರು. ೨೦೦೮ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬರುವ ಮುಂಚೆ ಹೊಲದ ವ್ಯಾಜ್ಯಕ್ಕಾಗಿ ಹನ್ನೊಂದು ಸಲ ಇಲ್ಲಿಗೆ ಬಂದಿದ್ದರಂತೆ. "ಇದು ನೋಡೂ ಜಾಗಾ ಅಂತ ಯಾರೂ ಹೇಳಿದ್ದಿಲ್ಲ ನನಗ" ಎಂದರು. ಲಾಲಬಾಗಿನ ಬಗ್ಗೆ ನನಗೆ ತಕರಾರಿಲ್ಲ. ಹೈದರ ಅಲಿ ಹಾಕಿದ ತೋಟ, ಗಿಡಗಳಿವೆ, ನೆರಳಿದೆ, ೧೮೮೯ರ ಗಾಜಿನ ಮನೆ ಇದೆ. ನಮ್ಮ ಹೆಣ್ಣುಮಕ್ಕಳು ಅಲ್ಲಿ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದರು.

ಅರಮನೆಗೆ ನಾವು ಹೋಗಲಿಲ್ಲ. ಬಾಗಿಲಲ್ಲೇ ತಲೆಗೆ ಇನ್ನೂರು ಮೀರಿದ ಟಿಕೀಟು. ಆದರೆ ಮಕ್ಕಳಿಗೆ ಅರಮನೆ ತೋರಿಸುವವರು ಅದರ ಲೆಕ್ಕವನ್ನೂ ಹೇಳಲಿ. ೧೯೯೬ರಲ್ಲಿ ರಾಜ್ಯ ಸರಕಾರ ಕಾನೂನು ಮಾಡಿ ಈ ಅರಮನೆಯ ೪೭೨ ಎಕರೆಯನ್ನೂ ೧೧ ಕೋಟಿ ರೂಪಾಯಿಗೆ ವಶಪಡಿಸಿಕೊಳ್ಳಹೊರಟಿತು. ವಾರಸುದಾರರು ಕೋರ್ಟಿಗೆ ಹೋದರು, ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಕುಳಿತಿತು. ೨೦೨೪ರ ಡಿಸೆಂಬರಿನಲ್ಲಿ, ರಸ್ತೆ ಅಗಲ ಮಾಡಲು ಬೇಕಾದ ಹದಿನೈದು ಎಕರೆ ಚಿಲ್ಲರೆ ಜಾಗಕ್ಕೆ ಅಭಿವೃದ್ಧಿ ಹಕ್ಕುಪತ್ರ ಕೊಡಿರೆಂದು ಆಜ್ಞೆಯಾಯಿತು. ಅದರ ಬೆಲೆ ಮೂರು ಸಾವಿರ ಕೋಟಿ ದಾಟುತ್ತದೆಂದು ಸರಕಾರವೇ ಲೆಕ್ಕ ಹಾಕಿ, ಗಾಬರಿಬಿದ್ದು, ೨೦೨೫ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೊರೆ ಹೊಕ್ಕಿತು. ಹನ್ನೊಂದು ಕೋಟಿ ಸರಿಯೋ ಮೂರು ಸಾವಿರ ಕೋಟಿ ಸರಿಯೋ ವಕೀಲರು ನೋಡಿಕೊಳ್ಳಲಿ. ನಾನು ಕೇಳುವುದಿಷ್ಟು: ಎಕರೆಗೆ ಇನ್ನೂರು ಕೋಟಿಯಷ್ಟು ಬೆಲೆ ಆ ನೆಲಕ್ಕೆ ತಂದವರು ಯಾರು? ಮಹಾರಾಜರು ಅಲ್ಲಿ ಬೆವರು ಸುರಿಸಲಿಲ್ಲ. ಸುತ್ತಲೂ ಊರು ಕಟ್ಟಿದವರು ಬೆಲೆ ತಂದರು. ಆ ಊರು ಕಟ್ಟಲು ವಾಡಿ, ಸೇಡಂಗಳಿಂದ ಸಿಮೆಂಟು ಹೋಯಿತು, ಶಹಾಬಾದಿನಿಂದ ಹಾಸುಗಲ್ಲು ಹೋಯಿತು, ಕಡಗಂಚಿಯಿಂದ ಆ ಹುಡುಗನ ಅಪ್ಪ ಹೋದ. ನಮ್ಮ ಹೊಲ ರಸ್ತೆಗೆ ಹೋದಾಗ ಗುಂಟೆಗೆ ಎಷ್ಟು ಕೊಟ್ಟರೆಂದು ಓದುಗರೇ ತಮ್ಮ ಮನೆಯ ಕಾಗದ ತೆಗೆದು ನೋಡಿಕೊಳ್ಳಲಿ.

ಇನ್ನು ಗೋಡೆಗಳು. ಇವುಗಳ ಬಗ್ಗೆ ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಲ್ಲಿಯೇ ಮಕ್ಕಳ ಕಣ್ಣು ಹೆಚ್ಚು ನಿಲ್ಲುತ್ತದೆ.

೨೦೦೯ರ ಸುಮಾರಿಗೆ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಭಿತ್ತಿಪತ್ರ ಅಂಟಿಸಬಾರದು, ಮೂತ್ರ ಮಾಡಬಾರದು ಎಂದು ಊರ ಗೋಡೆಗಳ ಮೇಲೆ ಚಿತ್ರ ಬರೆಸಲು ಹೊರಟಿತು. ಬರೆದವರಲ್ಲಿ ಸಿನೆಮಾ ಬ್ಯಾನರಿನ ಕಲಾವಿದರು ಬಹಳ ಮಂದಿ. ಫ್ಲೆಕ್ಸ್ ಯಂತ್ರ ಬಂದು ಅವರ ಅನ್ನ ಕಿತ್ತುಕೊಂಡಿತ್ತು. ಅವರಿಗೆ ನಾಲ್ಕು ದಿನ ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು. ಅವರ ಕೈ ಬಲ್ಲದ್ದು, ಅವರ ಬಣ್ಣದಲ್ಲಿ ಪ್ರಾಣವಿದೆ. ಆದರೆ ಬರೆಸಿದ್ದೇನು? ಹಂಪೆಯ ರಥ, ಗೋಳಗುಮ್ಮಟ, ಮೈಸೂರರಮನೆ, ಜೋಗದ ಜಲಪಾತ, ಹುಲಿ, ನವಿಲು. ನಾವು ನಡೆದ ದಾರಿಯ ಗೋಡೆಗಳಲ್ಲಿ ಕಲಬುರಗಿಯ ೧೩೬೭ರ ಜಾಮಿಯಾ ಮಸೀದಿಯನ್ನು ಹುಡುಕಿದೆ, ಸಿಗಲಿಲ್ಲ. ಬಂದೇ ನವಾಜರ ದರ್ಗಾ ಇಲ್ಲ, ಶರಣಬಸವೇಶ್ವರರ ಗುಡಿ ಇಲ್ಲ. ಭೀಮಾ ದಂಡೆಯ ಸನ್ನತಿಯ ಬಳಿ, ಕನಗನಹಳ್ಳಿಯ ಅಗೆತದಲ್ಲಿ, ಅಶೋಕ ಚಕ್ರವರ್ತಿಯ ರೂಪವನ್ನು ಅವನ ಹೆಸರಿನ ಸಮೇತ ಕೆತ್ತಿದ ಕಲ್ಲು ಸಿಕ್ಕಿತು, ಅದೂ ಇಲ್ಲ. ಆ ಊರಿನಲ್ಲಿ ನೃಪತುಂಗ ರಸ್ತೆ ಎಂದು ದೊಡ್ಡ ದೊಡ್ಡ ಕಚೇರಿಗಳ ಒಂದು ರಸ್ತೆಯಿದೆ. ನೃಪತುಂಗನ ರಾಜಧಾನಿ ನಮ್ಮ ಮಳಖೇಡ, ಕಾಗಿಣಾ ಹೊಳೆಯ ದಂಡೆಯಲ್ಲಿ ಕೋಟೆ ಕುಸಿದು ಬಿದ್ದಿದೆ. ಹೆಸರನ್ನು ಒಯ್ದರು, ಊರನ್ನು ಬಿಟ್ಟರು.

ಇಷ್ಟೇ ಆಗಿದ್ದರೆ ಪ್ರಾದೇಶಿಕ ಕೊರಗು ಎಂದು ತಳ್ಳಿಹಾಕಬಹುದಿತ್ತು. ನನ್ನ ನಿಜವಾದ ಆಕ್ಷೇಪಣೆ ಬೇರೆ. ೧೯೮೧ರ ಒಂದು ಕಾನೂನಿದೆ, ತೆರೆದ ಸ್ಥಳಗಳ ವಿರೂಪವನ್ನು ತಡೆಯುವುದಕ್ಕಾಗಿ ಮಾಡಿದ್ದು. ಅದರ ಪ್ರಕಾರ ಅಪ್ಪಣೆಯಿಲ್ಲದೆ ಗೋಡೆಯ ಮೇಲೆ ಬರೆಯುವುದು, ಅಂಟಿಸುವುದು ಶಿಕ್ಷಾರ್ಹ ಅಪರಾಧ. ನಮ್ಮ ಹಿಂದಿನ ಕಾರ್ಯಕರ್ತರು ಸುಣ್ಣ, ಕೆಮ್ಮಣ್ಣು ಕಲಸಿಕೊಂಡು, ಈಚಲ ಕುಂಚ ಹಿಡಿದು, ರಾತ್ರಿ ಕಂದೀಲಿನ ಬೆಳಕಿನಲ್ಲಿ, ಉಳುವವನೇ ನೆಲದೊಡೆಯ ಎಂದು ಗೋಡೆಗಳ ಮೇಲೆ ಬರೆದರು. ಪತ್ರಿಕೆಗೆ ದುಡ್ಡಿಲ್ಲದ ಪಕ್ಷಕ್ಕೆ ಗೋಡೆಯೇ ಪತ್ರಿಕೆ. ಇಂದು ಕೂಲಿಕಾರನೊಬ್ಬ ನನ್ನ ಪಗಾರ ಕೊಡಿ ಎಂದು ಬರೆದರೆ ಅದು ವಿರೂಪ. ಅದೇ ಗೋಡೆಯ ಮೇಲೆ ನವಿಲು ಬರೆಸಿದರೆ ಕಲೆ, ಅದನ್ನು ನೋಡಲು ಆರುನೂರು ಕಿಲೋಮೀಟರಿನಿಂದ ಮಕ್ಕಳು ಬರಬೇಕು. ಚರ್ಚ್ ಸ್ಟ್ರೀಟಿನಲ್ಲಿ, ಮೆಟ್ರೋ ನಿಲ್ದಾಣಗಳಲ್ಲಿ ಈಗ ಹೊಸ ಬಗೆಯ ದೊಡ್ಡ ಚಿತ್ರಗಳಿವೆ. ಕೆಲವು ನನಗೆ ತಿಳಿಯಲಿಲ್ಲ, ಕೆಲವು ಹಿಡಿಸಿದವು. ಒಂದರ ಮುಂದೆ ನಮ್ಮ ಹೆಣ್ಣುಮಗಳೊಬ್ಬಳು ಬಹಳ ಹೊತ್ತು ನಿಂತಳು. ಮುದುಕಿಯೊಬ್ಬಳ ಮುಖ, ಮೂರಾಳೆತ್ತರ. "ಇಕಿ ಯಾರ್ರಿ?" ಎಂದು ಕೇಳಿದಳು. ಕೆಳಗೆ ಹೆಸರಿರಲಿಲ್ಲ. "ಚೊಲೊ ಬರದಾರ ಬಿಡ್ರಿ, ಆದ್ರ ಇಕಿಗಿ ಯಾನ್ ಕೊಟ್ಟಾರ?" ಎಂದಳು. ಇಂಥ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲಿಯೂ ಓದಿಲ್ಲ.

ಬೀದಿಯ ಕಲೆಯೆಲ್ಲ ಮೋಸವೆಂದು ನನ್ನ ಅಭಿಪ್ರಾಯವಲ್ಲ. ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು ೨೦೧೫ರಲ್ಲಿ ಸುಲ್ತಾನಪಾಳ್ಯದ ರಸ್ತೆಯ ತಗ್ಗಿನಲ್ಲಿ ತಮ್ಮ ಖರ್ಚಿನಿಂದ ಮೊಸಳೆ ಮಾಡಿ ಬಿಟ್ಟರು. ೨೦೧೯ರಲ್ಲಿ ಚಂದ್ರನ ಮೇಲೆ ನಡೆಯುವವರ ಉಡುಪಿನಲ್ಲಿ ಒಬ್ಬರನ್ನು ನಿಲ್ಲಿಸಿ, ಹೇರೋಹಳ್ಳಿಯ ಕಡೆಯ ತಗ್ಗು ದಿನ್ನೆಯ ರಸ್ತೆಯಲ್ಲಿ ನಡೆಸಿ ಚಿತ್ರ ತೆಗೆದರು. ಊರೆಲ್ಲ ನಕ್ಕಿತು, ಪಾಲಿಕೆಯವರು ಓಡಿಬಂದು ರಸ್ತೆ ರಿಪೇರಿ ಮಾಡಿದರು. ಒಂದು ಠರಾವು, ಮೂರು ಧರಣಿ ಮಾಡಲಾರದ್ದನ್ನು ಒಂದು ಮೊಸಳೆ ಮಾಡಿತು! ನಮ್ಮ ಮಕ್ಕಳಿಗೆ ತೋರಿಸಬೇಕಾದ ಬೀದಿಯ ಕಲೆ ಇದು. ಆಳಂದ ರಸ್ತೆಯಲ್ಲಿ ತಗ್ಗಿಗೇನು ಬರವೇ? ಮೊಸಳೆಗೂ ಬರವಿಲ್ಲ, ಭೀಮಾ ಹೊಳೆಯಲ್ಲಿ ನಿಜವಾದವೇ ಇವೆ.

ಪ್ರವಾಸದ ಪಟ್ಟಿಯಲ್ಲಿ ಇಲ್ಲದ ಒಂದು ಜಾಗವನ್ನು ನಾವು ನೋಡಿದೆವು, ನಮ್ಮ ಇಚ್ಛೆಯಿಂದಲ್ಲ, ಪೊಲೀಸರ ಕೃಪೆಯಿಂದ. ಫ್ರೀಡಂ ಪಾರ್ಕ್ ಎನ್ನುವುದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ಸಮಾಜವಾದಿ ಮಧು ದಂಡವತೆಯವರನ್ನು ಇಲ್ಲಿ ಇಟ್ಟಿದ್ದರು. ವಾಜಪೇಯಿ, ಅಡವಾಣಿಯವರನ್ನೂ ಇಟ್ಟಿದ್ದರು. "ಸಂಸ್ಕಾರ" ಚಿತ್ರದ ಚಂದ್ರಿ, ನಮ್ಮ ಸ್ನೇಹಲತಾ ರೆಡ್ಡಿಯವರನ್ನು ೧೯೭೬ರ ಮೇ ತಿಂಗಳಲ್ಲಿ ಹಿಡಿದು ಇಲ್ಲಿ ಕೂಡಿಹಾಕಿದರು. ಉಬ್ಬಸದ ರೋಗಿ. ಸರಿಯಾದ ಔಷಧೋಪಚಾರವಿಲ್ಲದೆ ಕುಗ್ಗಿ ಹೋದ ಮೇಲೆ ೧೯೭೭ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟರು; ವಾರದೊಳಗೆ, ಜನವರಿ ೨೦ರಂದು ತೀರಿಕೊಂಡರು. ಆ ಜೈಲಿನ ಗೋಡೆಯ ಪಕ್ಕದಲ್ಲಿ ಕುಳಿತು ನಾವು ತೊಗರಿಗೆ ಬೆಲೆ ಕೇಳಿದೆವು. ಲಾಲಬಾಗಿಗೆ ಮಕ್ಕಳನ್ನು ಕರೆದೊಯ್ಯುವ ಬಸ್ಸು ಇಲ್ಲಿ ಅರ್ಧ ಗಂಟೆ ನಿಲ್ಲಲಾರದೇ?

ಆ ಹುಡುಗನ ಅಪ್ಪನನ್ನೂ ಅಂದು ಭೇಟಿಯಾದೆ. ಊರ ಹೊರಗೆ ಇಪ್ಪತ್ತೆರಡು ಅಂತಸ್ತಿನ ಕಟ್ಟಡ, ಅದರ ಬುಡದಲ್ಲಿ ತಗಡಿನ ಶೆಡ್ಡುಗಳು. ಆಳಂದ, ಜೇವರ್ಗಿ, ಯಾದಗಿರಿ, ರಾಯಚೂರು ಕಡೆಯವರು, ಬಿಹಾರದವರು. ೨೦೨೦ರ ಮೇ ತಿಂಗಳಲ್ಲಿ ಕಟ್ಟಡದ ಧಣಿಗಳೊಡನೆ ಮುಖ್ಯಮಂತ್ರಿಗಳು ಸಭೆ ಮಾಡಿದ ಬೆನ್ನಿಗೇ ಹೊರರಾಜ್ಯದ ಕೂಲಿಕಾರರ ರೈಲುಗಳನ್ನು ಸರಕಾರ ರದ್ದು ಮಾಡಿದ್ದು, ಗದ್ದಲವೆದ್ದ ಮೇಲೆ ಮತ್ತೆ ಬಿಟ್ಟದ್ದು ಅಲ್ಲಿಯ ಬಿಹಾರದವರಿಗೆ ಇನ್ನೂ ನೆನಪಿದೆ. ನಮ್ಮ ಕಡೆಯವರಿಗೆ ಬಸ್ಸಿನ ದುಪ್ಪಟ್ಟು ದರ ನೆನಪಿದೆ. ಅದನ್ನೂ ಬೈಸಿಕೊಂಡ ಮೇಲೆಯೇ ಪುಕ್ಕಟೆ ಮಾಡಿದರು. ಬೆಂಗಳೂರಿನ ಇಂದಿನ ಪ್ರೇಕ್ಷಣೀಯ ಸ್ಥಳಗಳನ್ನು ಕಟ್ಟುತ್ತಿರುವವರು ಇವರು. ವಿಧಾನಸೌಧಕ್ಕೆ ಏಕೆ ಹೋಗಲಿಲ್ಲವೆಂದು ಅವನನ್ನು ಕೇಳಿದೆ. "ರವಿವಾರ ಸಂತಿ ಮಾಡ್ಕೊಂಡು ಬಟ್ಟಿ ಒಕ್ಕೊಂಡ್ರ ಮುಗೀತ್ರಿ ಮಾಸ್ತರ" ಎಂದ.

ಕಟ್ಟುವ ಪ್ರತಿಯೊಂದು ದೊಡ್ಡ ಕಟ್ಟಡದ ವೆಚ್ಚದ ಮೇಲೆ ಶೇಕಡಾ ೧ರಷ್ಟು ಸೆಸ್ಸು ಕೂಲಿಕಾರರ ಕಲ್ಯಾಣ ಮಂಡಲಿಗೆ ಹೋಗಬೇಕೆಂದು ಕಾನೂನು ಹೇಳುತ್ತದೆ. ಕಲ್ಯಾಣ ಕರ್ನಾಟಕ ಮಂಡಳಿಗೆ ೨೦೨೪-೨೫ರ ಮುಂಗಡಪತ್ರದಲ್ಲಿ ೫,೦೦೦ ಕೋಟಿ ಎಂದು ಸಾರಿದರು. ಕಡಗಂಚಿಯ ಎದುರಿಗೆ ೨೦೦೯ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ನೆಲದ ಮೇಲೆಯೇ ನಿಂತಿದೆ, ಮಕ್ಕಳಿಗೆ ಇತಿಹಾಸ ಹೇಳಬಲ್ಲ ಪಂಡಿತರು ಅಲ್ಲಿದ್ದಾರೆ. ದುಡ್ಡಿಲ್ಲ, ಜನವಿಲ್ಲ ಎನ್ನುವ ಮಾತನ್ನು ನಾವು ಕೇಳತಕ್ಕವರಲ್ಲ.

ಬರುವ ಶನಿವಾರ ಆ ಶಾಲೆಯ ಮೇಲುಸ್ತುವಾರಿ ಸಮಿತಿಯ ಸಭೆ ಇದೆ. ತಾಯಂದಿರು ಬರುತ್ತಾರೆ, ನಾನೂ ಹೋಗುತ್ತೇನೆ. ಠರಾವು ಬರೆದಿಟ್ಟಿದ್ದೇವೆ: ಹೋದರೆ ಎಲ್ಲ ಮಕ್ಕಳೂ ಹೋಗಬೇಕು, ಇಲ್ಲವೆ ಬಸ್ಸು ಬಿಡಬಾರದು, ಕೂಲಿಕಾರರ ಮಕ್ಕಳ ಖರ್ಚನ್ನು ಸೆಸ್ಸಿನ ನಿಧಿಯಿಂದ ಕೊಡಬೇಕೆಂದು ಕಾರ್ಮಿಕ ಇಲಾಖೆಗೆ ಅರ್ಜಿ ಹೋಗಬೇಕು, ಅರಮನೆಯ ಬದಲು ಫ್ರೀಡಂ ಪಾರ್ಕು, ಮತ್ತು ಬೆಂಗಳೂರಿಗೆ ಮುಂಚೆ ಒಂದು ದಿನ ಸನ್ನತಿ, ಮಳಖೇಡ. ಮುಖ್ಯೋಪಾಧ್ಯಾಯರು ಮೇಲಿನವರನ್ನು ಕೇಳಬೇಕೆನ್ನುತ್ತಾರೆ. ಕೇಳಲಿ. ಮೇಲಿನವರ ಕಚೇರಿಯ ದಾರಿಯೂ ನಮಗೆ ಗೊತ್ತು.

ನಿನ್ನೆ ರಾತ್ರಿ ಹುಡುಗನ ಅಪ್ಪ ಫೋನು ಮಾಡಿದ್ದ. ಮಗ ಬರುವುದಾದರೆ ಒಂದು ದಿನದ ಪಗಾರ ಬಿಟ್ಟು ತಾನೂ ವಿಧಾನಸೌಧಕ್ಕೆ ಬರುತ್ತೇನೆಂದ. ಯಾವ ಗೇಟಿನ ಮುಂದೆ ನಿಲ್ಲಬೇಕು, ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಕೇಳಿದ. ಶನಿವಾರ ಸಭೆ ಆದ ಮೇಲೆ ತಿಳಿಸುತ್ತೇನೆಂದು ಹೇಳಿದ್ದೇನೆ.